ಬೆಳ್ಳಿ ಒಡವೆ ಕಪ್ಪಾದಾಗ: ಯಾವುದಕ್ಕೆ ಯಾವ ವಿಧಾನ?

ಗೌರಿ ಹಬ್ಬ ಹತ್ತಿರ ಬಂತೆಂದರೆ ದಾವಣಗೆರೆಯ ಮನೆಗಳಲ್ಲಿ ಬೆಳ್ಳಿಯೆಲ್ಲ ಬೀರುವಿನಿಂದ ಹೊರಗೆ ಬರುತ್ತದೆ. ದೀಪ, ಕುಂಕುಮದ ಬಟ್ಟಲು, ಮಗುವಿನ ಕಾಲುಕಡಗ, ಸೊಸೆಯ ಮುತ್ತಿನ ಓಲೆ, ಅಜ್ಜಿಯ ಡಾಬು, ಹಿರಿಯರು ಇಷ್ಟಲಿಂಗ ಇಟ್ಟು ಧರಿಸುವ ಕರಡಿಗೆ ಎಲ್ಲವೂ ಒಂದೇ ತಟ್ಟೆಯಲ್ಲಿ. ಎಲ್ಲಕ್ಕೂ ಒಂದೇ ಉಪಚಾರ: ಒಂದು ಮನೆಯಲ್ಲಿ ವಿಭೂತಿ, ಪಕ್ಕದ ಮನೆಯಲ್ಲಿ ಟೂತ್‌ಪೇಸ್ಟ್, ಇನ್ನೊಂದರಲ್ಲಿ ಮೊಬೈಲ್‌ನಲ್ಲಿ ನೋಡಿದ ಅಡುಗೆ ಸೋಡಾ. ಸಂಜೆಯ ಹೊತ್ತಿಗೆ ಎಲ್ಲವೂ ಹೊಳೆಯುವುದರಿಂದ ಮಾಡಿದ್ದು ಸರಿ ಎಂದೇ ತೋರುತ್ತದೆ. ಡಾಬಿನ ಹೂಬಳ್ಳಿ ಸವೆದು ಸಪಾಟಾದದ್ದು, ಮುತ್ತು ಮಂಕಾದದ್ದು, ಓಲೆಯ ಕಲ್ಲು ಸಡಿಲವಾದದ್ದು ಕಣ್ಣಿಗೆ ಬೀಳುವುದು ವರ್ಷಗಳ ನಂತರ. ಆಗ ಕಾರಣ ಯಾವುದೆಂದು ಯಾರಿಗೂ ನೆನಪಿರುವುದಿಲ್ಲ.

ಯಾವ ವಿಧಾನ ಬೇಗ ಹೊಳಪು ತರುತ್ತದೆ ಎಂದು ಕೇಳುವುದಕ್ಕಿಂತ, ಯಾವುದು ಒಡವೆಯಿಂದ ಅತಿ ಕಡಿಮೆ ಬೆಳ್ಳಿಯನ್ನು ಕಿತ್ತುಕೊಳ್ಳುತ್ತದೆ ಎಂದು ಕೇಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಹೋಲಿಕೆಯನ್ನೆಲ್ಲ ಈ ಒಂದು ಪ್ರಶ್ನೆಯನ್ನು ಇಟ್ಟುಕೊಂಡೇ ಮಾಡಿದ್ದೇನೆ.

ಕಪ್ಪು ಎಲ್ಲಿಂದ ಬರುತ್ತದೆ

ಸ್ಟರ್ಲಿಂಗ್ ಬೆಳ್ಳಿಯಲ್ಲಿ ಸಾವಿರಕ್ಕೆ 925 ಭಾಗ ಬೆಳ್ಳಿ. ಉಳಿದ 75 ಭಾಗ ಸಾಮಾನ್ಯವಾಗಿ ತಾಮ್ರ. ಅಪ್ಪಟ ಬೆಳ್ಳಿ ತೀರಾ ಮೆದುವಾದ್ದರಿಂದ ಒಡವೆ ಬಾಗದಿರಲೆಂದು ತಾಮ್ರ ಬೆರೆಸುತ್ತಾರೆ. ಗಾಳಿಯಲ್ಲಿರುವ ಗಂಧಕದ ಅಂಶ, ಅದರಲ್ಲೂ ಹೈಡ್ರೋಜನ್ ಸಲ್ಫೈಡ್ ಅನಿಲ ಬೆಳ್ಳಿಯನ್ನು ತಾಕಿದಾಗ ಮೇಲ್ಮೈಯಲ್ಲಿ ಸಿಲ್ವರ್ ಸಲ್ಫೈಡ್ ಎಂಬ ತೆಳುವಾದ ಪದರ ಕಟ್ಟುತ್ತದೆ. ನಾವು ಕಪ್ಪು ಎನ್ನುವುದು ಇದನ್ನೇ. ಇದು ಹೊರಗಿನಿಂದ ಬಂದು ಅಂಟಿದ ಕೊಳೆಯಾಗಿದ್ದರೆ ತೊಳೆದರೆ ಹೋಗುತ್ತಿತ್ತು. ಆದರೆ ಇದರಲ್ಲಿ ನಮ್ಮ ಬೆಳ್ಳಿಯೇ ಸೇರಿದೆ. ಉಜ್ಜಿ ತೆಗೆದಾಗಲೆಲ್ಲ ಅಷ್ಟು ಬೆಳ್ಳಿ ಬಟ್ಟೆಯ ಪಾಲಾಗುತ್ತದೆ.

ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ರಬ್ಬರ್, ಉಣ್ಣೆ, ಚರಂಡಿಯ ಗಾಳಿ ಇವೆಲ್ಲ ಗಂಧಕದ ಮೂಲಗಳು. ಚಿತ್ರದುರ್ಗ ಜಿಲ್ಲೆ ಈರುಳ್ಳಿಯ ಸೀಮೆ. ಚಳ್ಳಕೆರೆ, ಹಿರಿಯೂರು ಕಡೆ ಸುಗ್ಗಿಯಲ್ಲಿ ದಿನವಿಡೀ ಈರುಳ್ಳಿ ವಿಂಗಡಿಸುವ ಹೆಂಗಸರ ಉಂಗುರ ಬೇಗ ಕಪ್ಪಾಗುವುದರಲ್ಲಿ ಆಶ್ಚರ್ಯವಿಲ್ಲ. ಚಳ್ಳಕೆರೆಯ ಕಂಬಳಿಯೂ ಉಣ್ಣೆಯದೇ. ಕಂಬಳಿ ಮಡಿಸಿಟ್ಟ ಪೆಟ್ಟಿಗೆಯಲ್ಲೇ ಬೆಳ್ಳಿಯನ್ನೂ ಭದ್ರವಾಗಿಟ್ಟರೆ ಅದು ಕಳ್ಳರಿಂದ ಉಳಿದೀತು, ಕಪ್ಪಿನಿಂದ ಉಳಿಯದು. ಮೈಯಲ್ಲಿ ಉಷ್ಣ ಹೆಚ್ಚಾದರೆ ಬೆಳ್ಳಿ ಕಪ್ಪಾಗುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಬೆವರು, ಗಂಧಕವಿರುವ ಚರ್ಮದ ಮುಲಾಮು, ಟ್ಯಾಂಕ್ ತೊಳೆಯಲು ಹಾಕಿದ ಬ್ಲೀಚಿಂಗ್ ಪುಡಿ ಇವು ಕಾರಣವಾಗಿರುವ ಸಾಧ್ಯತೆಯೇ ಹೆಚ್ಚು, ಹೆದರಬೇಕಾಗಿಲ್ಲ.

ಕಪ್ಪು ಒಂದೇ ಸಲ ಬರುವುದಿಲ್ಲ. ಮೊದಲು ತೆಳು ಹಳದಿ, ಆಮೇಲೆ ಕಂದು, ಕೊನೆಗೆ ನೀಲಿಗಪ್ಪು. ಹಳದಿಯ ಹಂತದಲ್ಲಿ ಕೈ ಹಾಕಿದರೆ ಮೆತ್ತನೆಯ ಬಟ್ಟೆ ಸಾಕು. ವರ್ಷಗಟ್ಟಲೆ ಬಿಟ್ಟು ನೀಲಿಗಪ್ಪಾದ ಮೇಲೆ ಬಲವಾದ ವಿಧಾನಗಳನ್ನು ಹುಡುಕಬೇಕಾಗುತ್ತದೆ.

ಕೈ ಹಾಕುವ ಮೊದಲು ಒಡವೆಯನ್ನು ಗುರುತಿಸಿ

ಕೊಂಡಿಯ ಬಳಿ ಅಥವಾ ಉಂಗುರದ ಒಳಗೆ 925 ಎಂಬ ಮುದ್ರೆ ಇದೆಯೇ ನೋಡಿ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ-ಅಂಕಿಗಳ ವಿಶಿಷ್ಟ ಗುರುತಿನ ಹಾಲ್‌ಮಾರ್ಕ್ ಬಂದಿದೆ. ಅದು ಕಡ್ಡಾಯವಲ್ಲ, ಆದರೂ ಹೊಸದಾಗಿ ಕೊಳ್ಳುವವರು ಕೇಳಿ ಪಡೆಯಬಹುದು. ಹಳೆಯ ಕಾಲ್ಗೆಜ್ಜೆ, ಉಡಿದಾರಗಳಲ್ಲಿ ಎಷ್ಟೋ 925ರ ಮಟ್ಟದವಲ್ಲ. ತಾಮ್ರದ ಪಾಲು ಹೆಚ್ಚಿದ್ದು ಸಂದುಗಳಲ್ಲಿ ಹಸಿರು ಕಟ್ಟುತ್ತದೆ. ಜರ್ಮನ್ ಸಿಲ್ವರ್ ಎಂದು ಮಾರುವುದರಲ್ಲಿ ಬೆಳ್ಳಿಯೇ ಇರುವುದಿಲ್ಲ. ಅದು ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಣ. ಇಲ್ಲಿ ಹೇಳುವ ಮಾತುಗಳು ಅದಕ್ಕೆ ಅನ್ವಯಿಸುವುದಿಲ್ಲ.

ಇನ್ನು ನಾಲ್ಕು ಬಗೆಯ ಒಡವೆಗಳನ್ನು ಬೇರೆಯಾಗಿ ಎತ್ತಿಡಬೇಕು. ತೀರಾ ಬಿಳುಪಾಗಿ ಕನ್ನಡಿಯಷ್ಟು ಹೊಳೆಯುವ ಹೊಸ ಮಾದರಿಯ ಉಂಗುರ, ಸರಗಳಿಗೆ ರೋಡಿಯಂ ಲೇಪವಿರುತ್ತದೆ. ಅವು ಸುಲಭಕ್ಕೆ ಕಪ್ಪಾಗುವುದಿಲ್ಲ, ಉಜ್ಜಿದರೆ ಲೇಪ ಸವೆಯುತ್ತದೆ. ಆಕ್ಸಿಡೈಸ್ಡ್ ಜುಮುಕಿ, ಹಾರಗಳ ಕಪ್ಪು ಬೇಕೆಂದೇ ಕೊಟ್ಟದ್ದು, ಅದನ್ನು ತೆಗೆದರೆ ಒಡವೆಯ ಅಂದವೇ ಹೋಯಿತು. ಮುತ್ತು ಮತ್ತು ಹವಳ ಕೂರಿಸಿದವು ಮೂರನೆಯ ಗುಂಪು. ಅವೆರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಹುಳಿ ತಾಕಿದರೆ ಕರಗತೊಡಗುತ್ತವೆ. ನಾಲ್ಕನೆಯದು ಒಳಗೆ ಅರಗು ತುಂಬಿದ ಟೊಳ್ಳು ಒಡವೆ. ಗಾತ್ರಕ್ಕೆ ತಕ್ಕ ತೂಕವಿಲ್ಲದ ಕಡಗ, ಗುಂಡುಗಳು ಹೆಚ್ಚಾಗಿ ಇಂಥವು. ಬಿಸಿನೀರಿಗೆ ಬಿದ್ದರೆ ಅರಗು ಮೆತ್ತಗಾಗಿ ಸಂದಿನಿಂದ ಇಳಿಯುತ್ತದೆ, ಕೂರಿಸಿದ ಕಲ್ಲು ಕಳಚುತ್ತದೆ. ಹಿಂಬದಿ ಮುಚ್ಚಿದ ಕಲ್ಲಿನ ಓಲೆಗಳನ್ನೂ ಇದೇ ಗುಂಪಿಗೆ ಸೇರಿಸಿ, ಏಕೆಂದರೆ ಕಲ್ಲಿನ ಹಿಂದಿನ ಹೊಳೆಯುವ ತಗಡಿಗೆ ನೀರು ಸೇರಿದರೆ ಕಲ್ಲು ಕಂದುತ್ತದೆ.

ತೊಳೆಯುವುದು: ಎಲ್ಲಕ್ಕೂ ಮೊದಲಿನದು

ಬಯಲುಸೀಮೆಯ ಧೂಳಿನಲ್ಲಿ ಗಟ್ಟಿಯಾದ ಮರಳಿನ ಕಣಗಳಿರುತ್ತವೆ. ಧೂಳು ಕುಳಿತ ಗೆಜ್ಜೆಯನ್ನು ಹಾಗೆಯೇ ಬಟ್ಟೆಯಿಂದ ತಿಕ್ಕಿದರೆ ಗೀರು ಬೀಳುವುದು ಖಂಡಿತ. ಯಾವ ವಿಧಾನಕ್ಕೆ ಹೋಗುವುದಿದ್ದರೂ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಎಷ್ಟೋ ಸಲ ಕಪ್ಪು ಎಂದುಕೊಂಡದ್ದು ಎಣ್ಣೆ, ಅರಿಸಿನ, ಕುಂಕುಮ, ಬೆವರಿನ ಜಿಡ್ಡಾಗಿದ್ದು ಇಷ್ಟಕ್ಕೇ ಹೋಗಿಬಿಡುತ್ತದೆ.

ಇಲ್ಲಿ ನೀರಿನ ಮಾತು ಬರುತ್ತದೆ. ಭದ್ರಾ ನಾಲೆಯ ನೀರು ಬಳಸುವ ದಾವಣಗೆರೆ ನಗರದಲ್ಲಿ ಅಷ್ಟಾಗಿ ತೊಂದರೆಯಿಲ್ಲ. ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳ ಬೋರ್‌ವೆಲ್ ನೀರು ಬಹುಮಟ್ಟಿಗೆ ಗಡಸು. ಗಡಸು ನೀರಿನಲ್ಲಿ ಸಾಬೂನು ನೊರೆಯಾಗುವ ಬದಲು ಜಿಡ್ಡಾದ ಮಡ್ಡಿಯಾಗಿ ಒಡವೆಯ ನಕ್ಷೆಯೊಳಗೆ ಕೂರುತ್ತದೆ. ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಆದ್ದರಿಂದ ಸಾಬೂನಿನ ಬಿಲ್ಲೆಗಿಂತ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಮೇಲು. ಅದಕ್ಕೂ ಒಳ್ಳೆಯ ಜೊತೆ ನಮ್ಮ ಅಂಟವಾಳ ಕಾಯಿ. ಅದರ ನೊರೆಗೆ ಕಾರಣವಾದ ಸಪೋನಿನ್ ಗಡಸು ನೀರಿನಲ್ಲಿ ಸಾಬೂನಿನಂತೆ ಮಡ್ಡಿ ಕಟ್ಟುವುದಿಲ್ಲ. ನಾಲ್ಕು ಕಾಯಿಯ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿ, ಆರಿದ ನೀರಿನಲ್ಲಿ ಒಡವೆಯನ್ನು ಕೆಲವು ನಿಮಿಷ ಬಿಟ್ಟು ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಸಂದುಗಳನ್ನು ಬಿಡಿಸಿ. ಕೊನೆಯ ಜಾಲಿಕೆಗೆ ಮಾತ್ರ ಕುಡಿಯುವ ನೀರಿನ ಘಟಕದಿಂದ ತಂದ ಶುದ್ಧ ನೀರು ಬಳಸಿ, ತಕ್ಷಣ ಹತ್ತಿಬಟ್ಟೆಯಲ್ಲಿ ಒತ್ತಿ ಒಣಗಿಸಿ. ಆದರೆ ಸಲ್ಫೈಡಿನ ಕಪ್ಪು ಅಂಟವಾಳಕ್ಕಾಗಲಿ ಸಾಬೂನಿಗಾಗಲಿ ಬಗ್ಗುವುದಿಲ್ಲ.

ಒರೆಸುವ ಬಟ್ಟೆಯೋ, ಅಡುಗೆ ಸೋಡಾವೋ?

ನಿಜವಾದ ಆಯ್ಕೆ ಇರುವುದು ಇವೆರಡರ ನಡುವೆ. ಉಳಿದವೆಲ್ಲ ಇವುಗಳ ಮುಂದೆ ನಿಲ್ಲುವುದಿಲ್ಲ.

ಬೆಳ್ಳಿ ಒರೆಸಲೆಂದೇ ಸಿಗುವ ಬಟ್ಟೆಯಲ್ಲಿ ಅತಿ ನುಣುಪಾದ ಪಾಲಿಶ್ ಪುಡಿ ಸೇರಿಸಿರುತ್ತಾರೆ. ಬೆಳ್ಳಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಇದರ ಗುಣವೆಂದರೆ ಹಿಡಿತ ನಮ್ಮ ಕೈಯಲ್ಲಿರುವುದು: ಎಲ್ಲಿ ಹೊಳೆಯಬೇಕೋ ಅಲ್ಲಿ ಒರೆಸಿ, ನಕ್ಷೆಯ ತಗ್ಗಿನ ಕಪ್ಪನ್ನು ಹಾಗೆಯೇ ಬಿಡಬಹುದು. ಆ ಕಪ್ಪಿನಿಂದಲೇ ಹೂವಿನ ಎಸಳು ಎದ್ದು ಕಾಣುವುದು. ಸುತ್ತಿಸುತ್ತಿ ತಿಕ್ಕದೆ ಒಂದೇ ದಿಕ್ಕಿನಲ್ಲಿ, ಹಗುರವಾಗಿ ಎಳೆಯಿರಿ. ಸರವನ್ನು ಮೇಜಿನ ಮೇಲೆ ಹಾಸಿ ಒರೆಸಿ; ಕೈಯಲ್ಲಿ ಜಗ್ಗಿದರೆ ಸಣ್ಣ ಕೊಂಡಿ ಬಾಯಿ ಬಿಡುತ್ತದೆ. ಬಟ್ಟೆ ಕಪ್ಪಾಯಿತೆಂದು ಒಗೆಯಬೇಡಿ, ಪುಡಿಯೆಲ್ಲ ನೀರುಪಾಲಾಗುತ್ತದೆ. ಕೊರತೆ ಎಂದರೆ ಗೆಜ್ಜೆಯ ಸರಪಳಿ, ಹೆಣಿಗೆಯ ಸಂದುಗಳಿಗೆ ಬಟ್ಟೆ ತಲುಪುವುದಿಲ್ಲ. ಪ್ರತಿ ಸಲವೂ ಅಣುವಷ್ಟಾದರೂ ಬೆಳ್ಳಿ ಹೋಗುತ್ತದೆ.

ಅಡುಗೆ ಸೋಡಾ ಮತ್ತು ಅಲ್ಯೂಮಿನಿಯಂ ಹಾಳೆಯ ವಿಧಾನ ಬೇರೆಯೇ ಜಾತಿಯದು. ಇಲ್ಲಿ ಉಜ್ಜುವ ಕೆಲಸವಿಲ್ಲ. ಅಲ್ಯೂಮಿನಿಯಂ ಬೆಳ್ಳಿಗಿಂತ ಚುರುಕಾದ ಲೋಹ. ಸೋಡಾ ಬೆರೆತ ಬಿಸಿನೀರಿನಲ್ಲಿ ಎರಡೂ ತಾಕಿಕೊಂಡಾಗ ಪುಟ್ಟ ವಿದ್ಯುತ್ ಕೋಶವೇ ಏರ್ಪಟ್ಟು, ಗಂಧಕ ಬೆಳ್ಳಿಯನ್ನು ಬಿಟ್ಟು ಹೊರಡುತ್ತದೆ ಮತ್ತು ಸಲ್ಫೈಡಿನಲ್ಲಿದ್ದ ಬೆಳ್ಳಿ ಬಹುಪಾಲು ಒಡವೆಯ ಮೇಲೆಯೇ ಉಳಿಯುತ್ತದೆ. ಬೆಳ್ಳಿ ಕಳೆಯದ ಲೆಕ್ಕದಲ್ಲಿ ಇದಕ್ಕೆ ಸಮನಾದ ಮನೆಯ ವಿಧಾನ ಇನ್ನೊಂದಿಲ್ಲ. ಗಾಜಿನ ಅಥವಾ ಪಿಂಗಾಣಿಯ ಬಟ್ಟಲಿನ ತಳಕ್ಕೆ ಹಾಳೆ ಹಾಸಿ, ತೊಳೆದ ಒಡವೆಯನ್ನು ಹಾಳೆಗೆ ತಾಗುವಂತೆ ಇಡಿ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ, ಒಂದು ಚಮಚ ಉಪ್ಪು ಕರಗಿಸಿ ಸುರಿಯಿರಿ. ಎರಡರಿಂದ ಐದು ನಿಮಿಷ ಸಾಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಬಿಡುಗಡೆಯಾದ ಹೈಡ್ರೋಜನ್ ಸಲ್ಫೈಡ್, ಕಿಟಕಿ ತೆರೆದಿಡಿ. ಕೆಲವರು ಬಟ್ಟೆ ಒಗೆಯುವ ಸೋಡಾ ಹಾಕುತ್ತಾರೆ. ಅದು ಕೈ ಸುಡುವಷ್ಟು ಖಾರ, ಬೇಡ.

ಇದರ ದೋಷವನ್ನೂ ಹೇಳಬೇಕು. ಈ ನೀರಿಗೆ ಮೇಲು-ತಗ್ಗಿನ ಭೇದ ಗೊತ್ತಿಲ್ಲ. ನಕ್ಷೆಯ ಆಳದಲ್ಲಿ ತಲೆಮಾರುಗಳಿಂದ ಕುಳಿತ ಕಪ್ಪನ್ನೂ ಎಳೆದುಕೊಂಡು ಹೋಗುತ್ತದೆ, ಹೊರಬಂದ ಒಡವೆ ಮಂಕು ಬಿಳುಪಾಗಿ ಸಪ್ಪೆಯಾಗಿ ಕಾಣುತ್ತದೆ. ಆ ಮೇಲೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಹೊಳಪು ಏಳುತ್ತದೆ, ಆದರೆ ತಗ್ಗಿನ ನೆರಳು ಮರಳುವುದಿಲ್ಲ. ಆದ್ದರಿಂದ ನಕ್ಷೆಯಿಲ್ಲದ ಸರಪಳಿ, ಸಾದಾ ಕಾಲ್ಗೆಜ್ಜೆ, ಕಾಲುಂಗುರ, ಉಡಿದಾರ ಇವು ಸೋಡಾಕ್ಕೆ. ನಕ್ಷೆಯ ಡಾಬು, ವಂಕಿ, ಹಳೆಯ ಪದಕಗಳು ಬಟ್ಟೆಗೆ. ಮುತ್ತು, ಹವಳ, ಅರಗು, ಆಕ್ಸಿಡೈಸ್ಡ್ ಒಡವೆ ಯಾವುದನ್ನೂ ಸೋಡಾದ ಬಟ್ಟಲಿಗೆ ಹಾಕಬೇಡಿ.

ವಿಭೂತಿ, ಟೂತ್‌ಪೇಸ್ಟ್, ಹುಣಸೆಹುಳಿ

ವಿಭೂತಿ ನಮ್ಮ ಸೀಮೆಯ ವಿಧಾನ, ಪೂಜೆಯ ತಟ್ಟೆಯ ಪಕ್ಕದಲ್ಲೇ ಸಿಗುವಂಥದ್ದು. ಬಟ್ಟೆಯಲ್ಲಿ ಜರಡಿ ಹಿಡಿದ ನುಣುಪು ವಿಭೂತಿ ಬೆಳ್ಳಿಯ ದೀಪ, ತಟ್ಟೆ, ಬಟ್ಟಲುಗಳಿಗೆ ನಡೆಯುತ್ತದೆ. ಒಡವೆಗೆ ನಾನು ಬೇಡವೆನ್ನುತ್ತೇನೆ. ಬೂದಿಯಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಗಟ್ಟಿ ಅಂಶವೇ ಇರುತ್ತದೆ, ಕಣಗಳ ಗಾತ್ರ ಒಂದೇ ಸಮನಾಗಿರುವುದಿಲ್ಲ. ಸಂದುಗಳಲ್ಲಿ ಕುಳಿತ ಬೂದಿ ಸುಲಭಕ್ಕೆ ಹೊರಬರುವುದೂ ಇಲ್ಲ.

ಟೂತ್‌ಪೇಸ್ಟ್ ಇನ್ನೂ ಕೆಟ್ಟದ್ದು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಳ್ಳಿ 2.5ರಿಂದ 3ರ ನಡುವೆ ಇದೆ, ಹಲ್ಲಿನ ಎನಾಮೆಲ್ 5ರ ಆಸುಪಾಸು. ಹಲ್ಲಿಗೆಂದು ಮಾಡಿದ ಉಜ್ಜುಪುಡಿ ಬೆಳ್ಳಿಗೆ ಅತಿಯಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ತಕ್ಷಣ ಬರುವ ಹೊಳಪು ಮೇಲ್ಪದರ ಕೆರೆದ ಹೊಳಪು. ಬಿಸಿಲಿಗೆ ಹಿಡಿದು ನೋಡಿದರೆ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಹಲ್ಲಿನ ಪುಡಿ, ರಂಗೋಲಿ ಪುಡಿ, ಇಟ್ಟಿಗೆ ಪುಡಿ ಇವುಗಳ ಹೆಸರೆತ್ತುವುದೇ ಬೇಡ.

ಹುಣಸೆಹುಳಿ, ನಿಂಬೆಹಣ್ಣು ತಾಮ್ರ-ಹಿತ್ತಾಳೆಗೆ ಎಷ್ಟು ಚೆನ್ನವೋ ಬೆಳ್ಳಿಗೆ ಅಷ್ಟೇ ನಿರರ್ಥಕ. ತಾಮ್ರದ ಮೇಲಿನ ಆಕ್ಸೈಡ್ ಹುಳಿಗೆ ಕರಗುತ್ತದೆ. ಸಿಲ್ವರ್ ಸಲ್ಫೈಡ್ ಅಷ್ಟು ಸೌಮ್ಯ ಹುಳಿಗೆ ಕರಗುವುದಿಲ್ಲ. ಕರಗುವುದು ಪಕ್ಕದಲ್ಲಿರುವ ಮುತ್ತು, ಹವಳ.

ಬಾಟಲಿಯ ದ್ರವ ಮತ್ತು ಅಂಗಡಿಯ ಪಾಲಿಶ್

ಅದ್ದಿ ತೆಗೆದರೆ ಕ್ಷಣದಲ್ಲಿ ಬೆಳ್ಳಗಾಗುವ ದ್ರವಗಳಲ್ಲಿ ಸಾಮಾನ್ಯವಾಗಿ ಥಯೋಯೂರಿಯಾ ಮತ್ತು ಆಮ್ಲ ಇರುತ್ತವೆ. ಅವು ಕಪ್ಪನ್ನು ಕರಗಿಸಿ ಒಯ್ಯುತ್ತವೆ, ಅಂದರೆ ಅದರಲ್ಲಿರುವ ಬೆಳ್ಳಿಯೂ ಹೋಯಿತು. ಹೆಚ್ಚು ಹೊತ್ತು ಬಿಟ್ಟರೆ ಮೇಲ್ಮೈ ಕೊರೆದಂತಾಗಿ ಮುಂದೆ ಇನ್ನೂ ಬೇಗ ಕಪ್ಪಾಗುತ್ತದೆ. ಸ್ಟೀಲ್ ಸಿಂಕ್‌ಗೂ ಚರ್ಮಕ್ಕೂ ಒಳ್ಳೆಯದಲ್ಲ. ಮಕ್ಕಳಿರುವ ಮನೆಯಲ್ಲಿ ಈ ಬಾಟಲಿ ಇಡುವ ಅಗತ್ಯವೇ ನನಗೆ ಕಾಣುವುದಿಲ್ಲ.

ಅಂಗಡಿಯ ಪಾಲಿಶ್ ಬೇಕಾಗುವುದು ಮೂರು ಸಂದರ್ಭಗಳಲ್ಲಿ: ಒಡವೆ ಮುರಿದು ಬೆಸುಗೆ ಬೇಕಿದ್ದಾಗ, ಗೀರುಗಳು ಆಳವಾಗಿದ್ದಾಗ, ರೋಡಿಯಂ ಲೇಪ ಸವೆದು ಮತ್ತೆ ಹಾಕಿಸಬೇಕಾದಾಗ. ತಿರುಗುವ ಚಕ್ರಕ್ಕೆ ಹಿಡಿದಾಗ ಬೆಳ್ಳಿ ಹೋಗುವುದು ಮನೆಯ ಬಟ್ಟೆಗಿಂತ ಎಷ್ಟೋ ಹೆಚ್ಚು. ಮಂಡಿಪೇಟೆಯ ಅಂಗಡಿಗೇ ಹೋಗಿ, ನಿಮ್ಮೂರಿನ ಅಕ್ಕಸಾಲಿಗರಿಗೇ ಕೊಡಿ, ಕೊಡುವಾಗ ಮತ್ತು ಪಡೆಯುವಾಗ ಎದುರಿಗೇ ತೂಕ ಹಾಕಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ಇದರಲ್ಲಿ ಸಂಕೋಚಪಡಬೇಕಾದ್ದಿಲ್ಲ, ಒಳ್ಳೆಯ ಕೆಲಸಗಾರರು ತಾವೇ ತೂಗಿ ತೋರಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಮುಂಚಿನ ವಾರ ದಾವಣಗೆರೆಯಲ್ಲಿ ಎಲ್ಲರಿಗೂ ಅವಸರ. ಅಂಥ ಗದ್ದಲದಲ್ಲಿ ನಾಜೂಕಾದ ಒಡವೆ ಕೊಡದೆ ತಿಂಗಳ ಮುಂಚೆಯೇ ಮುಗಿಸಿಕೊಳ್ಳುವುದು ಲೇಸು. ಮನೆ ಬಾಗಿಲಿಗೆ ಬಂದು ಪಾಲಿಶ್ ಮಾಡಿಕೊಡುತ್ತೇನೆ ಎನ್ನುವ ಅಪರಿಚಿತರ ಕೈಗೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಬಕೆಟ್ಟಿನ ದ್ರಾವಣದಲ್ಲಿ ಬೆಳ್ಳಿ-ಬಂಗಾರ ಕರಗಿಸಿಕೊಂಡು ಹೋಗುವುದು ಹಳೆಯ ಮೋಸ.

ಕರಡಿಗೆ ಮತ್ತು ತಾಂಡಾದ ಒಡವೆಗಳು

ಇವೆರಡನ್ನು ಬೇರೆಯಾಗಿ ಹೇಳಲೇಬೇಕು. ಕರಡಿಗೆ ದಿನವಿಡೀ ಎದೆಯ ಮೇಲೆ ಬೆವರಿನಲ್ಲಿರುತ್ತದೆ, ವಿಭೂತಿ ಸಂದುಗಳಲ್ಲಿ ಕೂರುತ್ತದೆ. ಸ್ವಚ್ಛ ಮಾಡುವಾಗ ಮೊದಲು ಇಷ್ಟಲಿಂಗವನ್ನು ತೆಗೆದು ಮಡಿಬಟ್ಟೆಯಲ್ಲಿರಿಸಿ, ಶಿವದಾರ ಬಿಚ್ಚಿಡಿ. ಲಿಂಗದ ಮೇಲಿನ ಕಪ್ಪು ಲೇಪಕ್ಕೆ ಬಿಸಿನೀರಾಗಲಿ ಸೋಡಾ ಆಗಲಿ ತಾಕಬಾರದು. ಖಾಲಿ ಕರಡಿಗೆಯನ್ನು ಅಂಟವಾಳದ ನೀರಿನಲ್ಲಿ ತೊಳೆದು, ಮುಚ್ಚಳದ ಕೀಲಿನ ಬಳಿಯ ಬೂದಿಯನ್ನು ಬ್ರಷ್‌ನಿಂದ ಬಿಡಿಸಿ, ಬಟ್ಟೆಯಿಂದ ಒರೆಸಿದರೆ ಸಾಕು. ಒಳಭಾಗ ಪೂರ್ತಿ ಒಣಗಿದ ಮೇಲೆಯೇ ಲಿಂಗವನ್ನು ಮರಳಿ ಇಡಿ. ದಿನವೂ ಧರಿಸುವುದರಿಂದ ಅದಕ್ಕೆ ದಟ್ಟ ಕಪ್ಪು ಹತ್ತುವುದು ಕಡಿಮೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಸುತ್ತಿನಲ್ಲೂ, ಚಿತ್ರದುರ್ಗದ ತಾಂಡಾಗಳಲ್ಲೂ ಹಿರಿಯ ಬಂಜಾರ ಹೆಂಗಸರ ಬಳಿ ಕೂದಲಿಗೆ ಕಟ್ಟುವ ಘುಗ್ರಿ-ಟೋಪ್ಲಿ, ದಪ್ಪ ಕಡಗಗಳು ಇನ್ನೂ ಉಳಿದಿವೆ. ಇವುಗಳಿಗೆ ನನ್ನ ಸಲಹೆ ಒಂದೇ: ಬೆಳ್ಳಗೆ ಮಾಡಲು ಹೋಗಬೇಡಿ. ಹಲವು ದಾರ, ಉಣ್ಣೆ, ಕವಡೆಯ ಜೊತೆ ಕಟ್ಟಿದವು. ನೀರು ತಾಗಿದರೆ ಕಟ್ಟು ಸಡಿಲವಾಗುತ್ತದೆ. ಬೆಳ್ಳಿಯ ಮಟ್ಟವೂ ಒಂದೊಂದರಲ್ಲಿ ಒಂದೊಂದು. ಒಣ ಹತ್ತಿಬಟ್ಟೆಯಿಂದ ಧೂಳು ತೆಗೆದರೆ ಮುಗಿಯಿತು. ಅವುಗಳ ವಯಸ್ಸನ್ನು ಹೇಳುವುದು ಆ ಕಪ್ಪೇ. ಅದನ್ನು ಕಳೆದ ಹಳೆಯ ಒಡವೆಯ ಮೌಲ್ಯ ಬಲ್ಲವರ ಕಣ್ಣಿನಲ್ಲಿ ಕಡಿಮೆಯಾಗುತ್ತದೆ.

ಎಲ್ಲಿ ಇಡುವುದು

ಬೆಳ್ಳಿಯನ್ನು ತೊಟ್ಟುಕೊಂಡೇ ಇರುವುದು ಎಲ್ಲಕ್ಕಿಂತ ಒಳ್ಳೆಯದು. ಬಟ್ಟೆಗೂ ಚರ್ಮಕ್ಕೂ ತೀಡಿ ಹೊಳಪು ತಾನಾಗಿ ಉಳಿಯುತ್ತದೆ. ಈರುಳ್ಳಿ ಹೆಚ್ಚುವಾಗ, ಪಾತ್ರೆ ತೊಳೆಯುವಾಗ, ಕೂದಲಿಗೆ ಬಣ್ಣ ಹಚ್ಚುವಾಗ ಮಾತ್ರ ಉಂಗುರ ತೆಗೆದಿಡಿ.

ಎತ್ತಿಡುವುದಾದರೆ ಬಾಯಿ ಒತ್ತಿ ಮುಚ್ಚುವ ಪಾಲಿಥೀನ್ ಚೀಲ, ಒಂದಕ್ಕೊಂದು ಉಜ್ಜದಂತೆ ಒಂದೊಂದು ಒಡವೆಗೆ ಒಂದೊಂದು. ಗಾಳಿಯನ್ನು ಹಿಂಡಿ ತೆಗೆದು ಮುಚ್ಚಿ. ಒಳಗೆ ಸೀಮೆಸುಣ್ಣದ ತುಂಡು ಅಥವಾ ಸಿಲಿಕಾ ಜೆಲ್ ಇಟ್ಟರೆ ತೇವ ಹೀರುತ್ತದೆ. ಮಳೆಗಾಲಕ್ಕೆ ಮುಂಚೆ ಬದಲಿಸಿ. ಹಳೆಯ ಪತ್ರಿಕೆಯಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವ ರೂಢಿಯನ್ನು ಇಂದೇ ಬಿಡಿ. ರಬ್ಬರ್ ಬ್ಯಾಂಡ್ ತಾಗಿದ ಕಡೆ ಕಪ್ಪು ಗೆರೆಯೇ ಬೀಳುತ್ತದೆ. ವೆಲ್ವೆಟ್ ಡಬ್ಬಿ ನೋಡಲು ಚೆಂದ, ಆದರೆ ಗಾಳಿಯನ್ನು ತಡೆಯುವುದಿಲ್ಲ.

ಮುತ್ತು ಕೂರಿಸಿದ ಬೆಳ್ಳಿಯಲ್ಲಿ ಇಕ್ಕಟ್ಟು ಬರುತ್ತದೆ. ಬೆಳ್ಳಿಗೆ ಗಾಳಿಯಾಡದ ಜಾಗ ಬೇಕು. ಮುತ್ತು ಅಂಥ ಕಡೆ ಬಹುಕಾಲ ಇದ್ದರೆ ತೇವ ಕಳೆದುಕೊಂಡು ಬಿರುಕು ಬಿಡಬಹುದು. ಇಲ್ಲಿ ಮುತ್ತಿನ ಪರವಾಗಿಯೇ ತೀರ್ಮಾನಿಸಿ, ಸೀಮೆಸುಣ್ಣವಿಲ್ಲದೆ ಮೆತ್ತನೆಯ ಹತ್ತಿಯ ಚೀಲದಲ್ಲಿ ಇಡಿ. ಬೆಳ್ಳಿಯ ಕಪ್ಪನ್ನು ಯಾವಾಗ ಬೇಕಾದರೂ ಒರೆಸಬಹುದು, ಬಿರಿದ ಮುತ್ತನ್ನು ಸರಿಪಡಿಸುವ ವಿಧಾನ ಮನೆಯಲ್ಲೂ ಇಲ್ಲ, ಅಂಗಡಿಯಲ್ಲೂ ಇಲ್ಲ.